ಈರುಳ್ಳಿ ಸಿಪ್ಪೆಯ ಪುಡಿ, ಅಪ್ಪನ ಟೀ

ಎಲ್ಲಿಂದ ಶುರು ಮಾಡುವುದು? ರಕ್ತನಾಳದಿಂದಲೋ, ಈರುಳ್ಳಿ ಸಿಪ್ಪೆಯಿಂದಲೋ? ‘ನಮ್ಮ ದೇಹದೊಳಗೆ ನದಿಗಳು ಹರಿಯುತ್ತವೆ’ ಎಂದು ಕತೆಗಾರ ಬರೆದ. ಓದಿ ತನಗೇ ನಾಚಿಕೆಯಾಗಿ ಹೊಡೆದುಹಾಕಿದ. ಸರಿ, ಅಮ್ಮನಿಂದಲೇ ಶುರುವಾಗಲಿ.

೧

ಅಮ್ಮ ಲ್ಯಾಬಿನ ಕುರ್ಚಿಯಲ್ಲಿ ಕೂತಿದ್ದಾಳೆ. ತೋಳಿಗೆ ಬಿಗಿದ ಪಟ್ಟಿಯ ಗಾಳಿ ತೆಗೆದಾಗ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಮಗಳು ಸ್ಕ್ರೀನಿನಲ್ಲಿ ಅಳೆಯುತ್ತಾಳೆ. ಈರುಳ್ಳಿ ಸಿಪ್ಪೆಯ ಒಂದು ಅಂಶ ರಕ್ತನಾಳಗಳನ್ನು ಕಾಪಾಡೀತೇ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ಅಮ್ಮ ದಿನಕ್ಕೊಂದು ಪೊಟ್ಟಣ ಪುಡಿ ಕದಡಿ ಕುಡಿಯಬೇಕು. (ಸ್ವಂತ ಅಮ್ಮನನ್ನೇ ಸೇರಿಸಿಕೊಳ್ಳಬಹುದೇ ಎಂದು ಹುಬ್ಬೇರಿಸುವವರೇ, ಜನ ಸಿಗಲಿಲ್ಲ. ಇನ್ನೊಂದು ಪಾತ್ರ ಸಾಕುವ ತ್ರಾಣ ಕತೆಗಾರನಿಗೂ ಇಲ್ಲ.)

೨

ಅಮ್ಮ ಒಂದು ಪೊಟ್ಟಣವನ್ನೂ ಕುಡಿದಿಲ್ಲ. ಎಲ್ಲವನ್ನೂ ಅಪ್ಪನ ಟೀಗೆ ಬೆರೆಸಿದ್ದಾಳೆ.

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾನೆ. ಅದರ ಜೊತೆ ಈ ಪುಡಿ ಸೇರಿದರೆ ಸುರಿಯುವ ರಕ್ತ ನಿಲ್ಲದೇ ಹೋಗಬಹುದೆಂದು ಮಗಳು ಅವನನ್ನು ಪ್ರಯೋಗದಿಂದ ದೂರ ಇಟ್ಟಿದ್ದಳು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಂಡುಕಲ್ಲಿನ ಹಾಗಿರುವ ತನಗೇಕೆ ಔಷಧಿ? ಸಿಪ್ಪೆ ತಾನೇ, ಏನಾಗುತ್ತದೆ?

ಈಗ ಅಪ್ಪನ ಕೈತುಂಬ ನೀಲಿ ಕಲೆ. ಹೊರಗಿನ ಬೆಂಚಿನ ಮೇಲೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಾನೆ. ಅದರಲ್ಲಿ ರಕ್ತ. ಬಿಸಿಲಿಗೆ ಹೀಗಾಗಿದೆ ಎಂದು ಅಮ್ಮನೇ ಮಗಳಿಗೆ ಸುಳ್ಳು ಹೇಳಿದ್ದಾಳೆ.

“ಅದನ್ನೆಲ್ಲ ಬರೀಬೇಡಯ್ಯಾ,” ಅಮ್ಮ ಕತೆಗಾರನನ್ನು ಗದರಿದಳು. “ಅವರೇ ಕದ್ದು ಕುಡಿದ್ರು ಅಂತ ಬರಿ.”

ಬರೆದ. ಅವಳೇ ಮುಖ ಮುಚ್ಚಿಕೊಂಡಳು.

“ಬೇಡ, ಹೊಡೆದುಹಾಕು. ಪಾಪ, ಕಹಿ ಅಂತ ಒಂದಿನವೂ ಅಂದಿಲ್ಲ ಆ ಮನುಷ್ಯ.”

೩

ಅಂತ್ಯ ಒಂದು: ಅಪ್ಪನಿಗೆ ಮೊದಲೇ ಗೊತ್ತಿತ್ತು, ನಕ್ಕುಬಿಟ್ಟ. (ಸಿನಿಮಾ ಆಯಿತು.)

ಅಂತ್ಯ ಎರಡು: ಮಗಳೇ ಕಂಡುಹಿಡಿದಳು. (ಬಾಯಿಬಿಡುವ ಕಷ್ಟ ತಪ್ಪುತ್ತದೆಂದು ಅಮ್ಮನಿಗೆ ಇದೇ ಬೇಕು. ಕೊಡುವುದಿಲ್ಲ.)

೪

“ಅಮ್ಮಾ, ಎಷ್ಟು ಚೆನ್ನಾಗಿ ಹಿಗ್ಗಿದೆ ನೋಡು! ನನ್ನ ಪುಡಿ ಕೆಲಸ ಮಾಡ್ತಿದೆ!”

ಮಗಳ ಕಣ್ಣು ತುಂಬಿತ್ತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಅಮ್ಮನಿಗೆ.

“ಮುಗೀತಾ?” ಬಾಗಿಲಾಚೆಯಿಂದ ಅಪ್ಪ ಕೂಗಿದ. “ಮನೆಗೆ ಹೋಗಿ ಟೀ ಕುಡಿಯೋಣ.”

ಓದುಗರೇ, ಕತೆ ಮುಗಿದರೆ ಇವರು ಮನೆಗೆ ಹೋಗುತ್ತಾರೆ, ಒಲೆಯ ಮೇಲೆ ಮತ್ತದೇ ಟೀಗೆ ನೀರಿಡುತ್ತಾರೆ. ಅದಕ್ಕೇ ಮುಗಿಸುವುದಿಲ್ಲ. ಕತೆಗಾರ ಪೆನ್ನು ಕೆಳಗಿಟ್ಟ.

ಮಗಳು ಪಟ್ಟಿ ಬಿಚ್ಚಲು ಕೈ ಚಾಚಿದಳು.

“ತಡಿ ಪುಟ್ಟಿ,” ಎಂದಳು ಅಮ್ಮ, ಕತೆಗಾರನನ್ನು ಕೇಳದೆ. “ಮೊದಲು ನಿಮ್ಮಪ್ಪನ್ನ ಒಳಗೆ ಕರಿ.”