ಇವನ್ಯಾರೋ ನಂಗೊತ್ತಿಲ್ಲ

ಡಚ್ಚರ ನಾಡಿನ ಗ್ರೋನಿಂಗೆನ್ ಊರಲ್ಲಿ ಸಿಟಿ ಬಸ್ ಓಡಿಸುವ ಯೋರಿಸ್, ರಜೆ ಹಾಕಿ ಮಗಳ ಜೊತೆ ರೈಲಲ್ಲಿ ಯುರೋಪ್ ಸುತ್ತಿ ಬರುತ್ತೇನೆ ಅಂದಾಗ ಡಿಪೋದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. "ವರ್ಷಪೂರ್ತಿ ಗಾಡೀಲಿ ಕೂತು ಕುಂಡೆ ಸವೆದಿದೆ, ರಜೆಗೂ ಗಾಡೀನೇ ಬೇಕೇನೋ ನಿಂಗೆ?"

ಯೋರಿಸ್ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿ ಹಿಲ್ಡೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಮಗಳು ಫೆಮ್ಕೆ ಅವನ ಪಾಲಿಗೆ ಬರುತ್ತಿದ್ದುದು ವಾರ ಬಿಟ್ಟು ವಾರ, ಶನಿವಾರ ಭಾನುವಾರ ಮಾತ್ರ. ಈ ಬೇಸಿಗೆಗೆ ಹಿಲ್ಡೆ ದೊಡ್ಡ ಮನಸ್ಸು ಮಾಡಿ ಮೂರು ವಾರ ಬಿಟ್ಟುಕೊಟ್ಟಿದ್ದಳು. ಮನೆಯಲ್ಲಿದ್ದರೆ ಹುಡುಗಿ ಟೀವಿ ಜೊತೆ ಇರುತ್ತಾಳೆ. ರೈಲಲ್ಲಾದರೆ ಓಡಿಹೋಗಲು ಜಾಗವಿಲ್ಲ, ಬೇಕೋ ಬೇಡವೋ ಅಪ್ಪನ ಪಕ್ಕದಲ್ಲೇ ಕೂರಬೇಕು. ಅವನ ಉಪಾಯ ಇಷ್ಟೇ.

ಫೆಮ್ಕೆಗೆ ಯುರೋಪಿನ ಮೇಲೆ ಅಂಥ ಗೌರವವೇನೂ ಹುಟ್ಟಲಿಲ್ಲ. ಕಲೋನಿನ ದೊಡ್ಡ ಚರ್ಚಿನ ಮುಂದೆ ನಿಂತು, ಕತ್ತೆತ್ತಿ ನೋಡಿ, "ಇದನ್ನ ಯಾರೂ ತೊಳೆಯಲ್ವಾ?" ಅಂದಳು. ಬಾಸೆಲ್ಲಿನ ಮ್ಯೂಸಿಯಮ್ಮಿನಲ್ಲಿ ಬೆತ್ತಲೆ ದೇವರೊಬ್ಬನನ್ನು ಬೆರಳು ಮಾಡಿ ತೋರಿಸಿ, "ಅಪ್ಪಾ, ನಿಂದು ಇದಕ್ಕಿಂತ ದೊಡ್ಡದು, ಅಲ್ವಾ?" ಎಂದು ಹಾಲ್ ತುಂಬ ಕೇಳುವ ಹಾಗೆ ಸಮಾಧಾನ ಹೇಳಿದಳು. ಅವಳಿಗೆ ನಿಜವಾಗಿ ಹಿಡಿಸಿದ್ದು ರೈಲಿನ ಕಕ್ಕಸುಗಳು. ಒಂದೊಂದು ದೇಶದ ರೈಲು ಒಂದೊಂದು ಥರ ಗೊರಕೆ ಹೊಡೆದು ಉಚ್ಚೆ ಎಳೆದುಕೊಳ್ಳುತ್ತದೆ ಎಂಬುದು ಅವಳ ಸಂಶೋಧನೆ. ಬಂದಿರಲಿ ಬಿಡಲಿ, ಹೊಸ ರೈಲು ಹತ್ತಿದ ಕೂಡಲೇ ಹೋಗಿ ಪರೀಕ್ಷೆ ಮಾಡಿ ಬರುತ್ತಿದ್ದಳು.

ಅಪ್ಪನ ಕಡೆಯಿಂದಲೂ ಎಡವಟ್ಟುಗಳಿಗೆ ಬರವಿರಲಿಲ್ಲ. ಚೂಯಿಂಗ್ ಗಮ್ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗಳ ಅಂಟು ಹಿಡಿದ ಕೂದಲನ್ನು, ಅವಳನ್ನು ಎಬ್ಬಿಸದೆ, ಉಗುರು ಕತ್ತರಿಯಲ್ಲಿ ಕತ್ತರಿಸಿದ. ತಲೆ ಇಲಿ ಕಡಿದ ಜಮಖಾನೆಯಂತಾಯಿತು. ಮಿಲಾನಿನಲ್ಲಿ ವೆನಿಸ್ಸಿಗೆ ಹೋಗುವ ರೈಲು ಎಂದುಕೊಂಡು ಹತ್ತಿದ್ದು ಝೂರಿಕ್ಕಿನಲ್ಲಿ ಇಳಿಸಿತು. "ಅಮ್ಮಂಗೆ ಮಾತ್ರ ಹೇಳ್ಬೇಡ ಪುಟ್ಟಿ," ಅಂದ. ವೆನಿಸ್ ಹೋದರೆ ಹೋಯಿತು, ವಿಯೆನ್ನಾ ನೋಡಿದರಾಯಿತು ಎಂದು ಅಲ್ಲಿಂದ ಆಸ್ಟ್ರಿಯಾ ಕಡೆಯ ಗಾಡಿ ಹತ್ತಿದರು.

ಎದುರು ಸೀಟಿನಲ್ಲಿ ನೋಟ್‌ಬುರ್ಗಾ ಎಂಬ ಆಸ್ಟ್ರಿಯಾದ ಅಜ್ಜಿ. ನೆಟ್ಟಗೆ ಕೂತಿದ್ದಳು, ಮಡಿಲಲ್ಲಿ ಚೀಲ. ಹರೆಯದಲ್ಲಿ ರಾಟರ್‌ಡ್ಯಾಮಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಂತೆ. ಡಚ್ ಮಾತು ಸಲೀಸು. ಫೆಮ್ಕೆ ಕಕ್ಕಸಿನ ಪರೀಕ್ಷೆಗೆ ಹೊರಟಾಗ, "ನಾನೂ ಆ ಕಡೆಗೇ, ಬಾರಮ್ಮ," ಎಂದು ಕೈಹಿಡಿದು ಕರೆದೊಯ್ದಳು. ಬಾಗಿಲಲ್ಲಿ ಸಾಲು ಉದ್ದ ಇತ್ತೇನೋ, ಬರುವುದು ತಡವಾಯಿತು. ಬಂದ ಮೇಲೆ ಅಜ್ಜಿ ಯೋರಿಸ್‌ನನ್ನು ನೋಡಿದ ನೋಟ, ಗಾಯದಲ್ಲಿ ಕೀವು ಕಂಡ ನರ್ಸಿನ ನೋಟ. ಯೋರಿಸ್ ಪಾಪ, ತನ್ನ ಅಂಗಿಯ ಮೇಲೆ ಸಾಸಿವೆ ಸಾಸ್ ಚೆಲ್ಲಿಕೊಂಡಿದೆಯೇನೋ ಎಂದು ನೋಡಿಕೊಂಡ. ಚೆಲ್ಲಿತ್ತು.

ಅಪ್ಪ ಮಗಳು ಇಸ್ಪೀಟೆಲೆ ತೆಗೆದು ಕತ್ತೆ ಆಟಕ್ಕೆ ಕೂತರು. ಫೆಮ್ಕೆ ಒಂದೇ ಸಮ ಸೋತಳು. ಸೋತಾಗಲೆಲ್ಲ ಯೋರಿಸ್ ಎರಡೂ ಕೈ ಕಿವಿಗಿಟ್ಟು ಕತ್ತೆಯ ಹಾಗೆ ಕೂಗುತ್ತಿದ್ದ. ಹುಡುಗಿಯ ಮೂಗಿನ ತುದಿ ಕೆಂಪಾಗುತ್ತ ಬಂತು. ಅಷ್ಟರಲ್ಲಿ ರೈಲು ಬೆಟ್ಟದ ಸುರಂಗದೊಳಗೆ ನುಗ್ಗಿತು. ಕಿಟಕಿ ಕನ್ನಡಿಯಾಯಿತು. ಅದರಲ್ಲಿ ಫೆಮ್ಕೆಗೆ ತನ್ನ ಕೈಯ ಎಲೆಗಳೆಲ್ಲ ಕಂಡವು. ಅವುಗಳನ್ನೇ ನೋಡುತ್ತಿದ್ದ ಅಪ್ಪನ ಕಣ್ಣೂ ಕಂಡಿತು. ಈ ದಾರಿಯಲ್ಲಿ ಸುರಂಗಗಳಿಗೇನು ಬರವೇ? ಅಪ್ಪ ಗೆದ್ದದ್ದೆಲ್ಲ ಕತ್ತಲಲ್ಲಿ ಎಂದು ಅವಳಿಗೆ ಹೊಳೆಯಿತು.

"ಕಳ್ಳ!" ಅಂದಳು. "ನೀನು ಕಿಟಕೀಲಿ ನೋಡ್ಕೊಂಡು ಆಡ್ತಿದ್ದೆ!"

"ಕಿಟಕಿ ಇರೋದೇ ನೋಡಕ್ಕಲ್ವೇನೇ?" ಎಂದು ಯೋರಿಸ್ ಹಲ್ಲು ಕಿರಿದ. ಅದೇ ಅವನು ಮಾಡಿದ ತಪ್ಪು.

ಆಗಲೇ ಟಿಕೆಟ್ ನೋಡುವ ಹೆಂಗಸು ಬಂದಳು. ಒಳ್ಳೆಯ ಹೆಂಗಸು, ಮಕ್ಕಳೆಂದರೆ ಪ್ರೀತಿ. ಬಗ್ಗಿ, ಜರ್ಮನ್‌ನಲ್ಲಿ, "ಅಪ್ಪನ ಜೊತೆ ಊರು ನೋಡೋಕೆ ಹೊರಟಿದ್ದೀಯಾ ಮರಿ?" ಎಂದು ಕೇಳಿದಳು. ಅಜ್ಜಿ ಅದನ್ನು ಡಚ್‌ಗೆ ತಿರುಗಿಸಿದಳು.

ಫೆಮ್ಕೆ ಎಲೆಗಳನ್ನು ನೀಟಾಗಿ ಜೋಡಿಸಿ ಕೆಳಗಿಟ್ಟಳು. "ಇದು ನಮ್ಮಪ್ಪ ಅಲ್ಲ," ಅಂದಳು. "ಇವನ್ಯಾರೋ ನಂಗೊತ್ತಿಲ್ಲ."

ಅಜ್ಜಿ ಅದನ್ನೂ ಜರ್ಮನ್‌ಗೆ ತಿರುಗಿಸಿದಳು. ಯೋರಿಸ್ ನಕ್ಕ. ನಗು ಯಾರ ಮುಖದಲ್ಲೂ ವಾಪಸ್ ಬರಲಿಲ್ಲ. "ತಮಾಷೆ ಮಾಡ್ತಾಳೆ, ಬಹಳ ತರಲೆ," ಎಂದು ತನ್ನ ಹರಕು ಜರ್ಮನ್‌ನಲ್ಲಿ ಹೇಳಲು ಹೋದ. ಬೆವರತೊಡಗಿದ. ಬೆವರುವ ಗಂಡಸನ್ನು ಯಾರು ನಂಬುತ್ತಾರೆ? ನೋಟ್‌ಬುರ್ಗಾ ಅಜ್ಜಿ ಎದ್ದು ನಿಂತು, "ನನಗೆ ಆಗಲೇ ಅನುಮಾನ ಇತ್ತು," ಎಂದಳು.

ಮುಂದಿನ ಸಣ್ಣ ಸ್ಟೇಷನ್ನಿನಲ್ಲಿ ಪೊಲೀಸರು ಕಾಯುತ್ತಿದ್ದರು. ಯೋರಿಸ್‌ನ ಬೆನ್ನ ಹಿಂದೆ ಬೋಗಿಗೆ ಬೋಗಿಯೇ ಕಿಟಕಿಗೆ ಮೂಗು ಒತ್ತಿ ನೋಡಿತು. ಒಬ್ಬಾತ ಫೋಟೋ ಹೊಡೆದ. ಸಾಕ್ಷಿ ಹೇಳುತ್ತೇನೆಂದು ಅಜ್ಜಿಯೂ ಚೀಲ ಸಮೇತ ಇಳಿದಳು.

ಸ್ಟೇಷನ್ನಿನ ಕೋಣೆಯಲ್ಲಿ ಗೆರ್ಲಿಂಡೆ ಎಂಬ ಪೊಲೀಸ್ ಅಧಿಕಾರಿ ಕೂತಿದ್ದಳು. ಊಟದ ಮಧ್ಯೆ ಎದ್ದು ಬಂದವಳು. ಅಜ್ಜಿ ಒಂದೊಂದಾಗಿ ಬಿಚ್ಚಿದಳು. ಮಗು ದಿನಕ್ಕೊಂದು ಊರಲ್ಲಿ ಮಲಗುತ್ತದಂತೆ. ಅದು ಎಲ್ಲಿದೆ ಎಂದು ಅಮ್ಮನಿಗೆ ಗೊತ್ತಿಲ್ಲವಂತೆ, ಹೇಳಬಾರದು ಎಂದು ಈತ ಕಟ್ಟಪ್ಪಣೆ ಮಾಡಿದ್ದಾನಂತೆ. ನಿದ್ದೆಯಲ್ಲಿದ್ದಾಗ ಅದರ ಕೂದಲು ಕತ್ತರಿಸಿದ್ದಾನಂತೆ.

"ಇದರಲ್ಲಿ ಯಾವುದು ಸುಳ್ಳು?" ಎಂದು ಗೆರ್ಲಿಂಡೆ ಕೇಳಿದಳು.

ಯೋರಿಸ್ ಯೋಚಿಸಿದ. "ಯಾವುದೂ ಸುಳ್ಳಲ್ಲ ಮೇಡಂ," ಎಂದ.

ಪಾಸ್‌ಪೋರ್ಟಿನಲ್ಲಿ ಗುಂಗುರು ಕೂದಲಿನ, ಅಮ್ಮನ ಅಡ್ಡಹೆಸರಿನ ಕೂಸೊಂದರ ಫೋಟೋ ಇತ್ತು. ಅದು ಯಾರ ಮಗು ಬೇಕಾದರೂ ಆಗಬಹುದಿತ್ತು. ಹಿಲ್ಡೆಗೆ ಫೋನ್ ಹೋಯಿತು. ಮಕ್ಕಳಿಗೆ ಈಜು ಕಲಿಸುವವಳು ಆಕೆ. ಹಿಂದೆ ನೀರಿನ ಗದ್ದಲ. ಗೆರ್ಲಿಂಡೆ ಸ್ಪೀಕರ್ ಹಾಕಿದಳು, ಅಜ್ಜಿ ಕೇಳಿದಳು: "ಯೋರಿಸ್ ಎಂಬುವನು ನಿಮಗೆ ಗೊತ್ತಾ?"

"ದುರದೃಷ್ಟ, ಗೊತ್ತು. ಏನು ಮಾಡ್ಕೊಂಡ?"

"ನಿಮ್ಮ ಮಗು ಎಲ್ಲಿದೆ ಗೊತ್ತಾ?"

"ವೆನಿಸ್‌ನಲ್ಲಿ. ಯಾಕೆ?"

"ಆಸ್ಟ್ರಿಯಾದಲ್ಲಿದೆ. ಕೂದಲು ಕತ್ತರಿಸಿದ್ದಾನೆ."

ನೀರಿನ ಗದ್ದಲವನ್ನೂ ಮೀರಿ ಹಿಲ್ಡೆ ಕಿರುಚಿದಳು: "ಆ ಗುಂಗುರು ಕೂದಲನ್ನಾ? ಒಳಗೆ ಹಾಕಿ ಅವನನ್ನ! ನಾನೇ ಸಹಿ ಹಾಕ್ತೀನಿ!"

"ಹಿಲ್ಡೆ, ದಮ್ಮಯ್ಯ, ನಾನು ಅಪ್ಪ ಅಂತ ಒಂದು ಮಾತು ಹೇಳೇ ಮೊದ್ಲು!" ಎಂದು ಯೋರಿಸ್ ಅಂಗಲಾಚಿದ.

"ಅಪ್ಪನೇ ಕಣ್ರೀ, ಏನ್ ಮಾಡೋದು," ಎಂದಳು ಹಿಲ್ಡೆ.

ಆದರೆ ಫೋನಿನಲ್ಲಿ ಮಾತಾಡಿದವಳು ಯಾರೋ, ಆ ನಂಬರ್ ಕೊಟ್ಟವನೂ ಇವನೇ. ಅದು ಸಾಲದು ಎಂದು ಗೆರ್ಲಿಂಡೆ ತಲೆಯಾಡಿಸಿದಳು. ಮಗುವನ್ನು ಬೇರೆಯಾಗಿ ಕೇಳಬೇಕು. ಅಜ್ಜಿಯೂ ಫೆಮ್ಕೆಯೂ ಅವಳೊಡನೆ ಒಳಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಗೋಡೆ ಹಲಗೆಯದು, ಎಲ್ಲ ಕೇಳುತ್ತಿತ್ತು.

ಬೆಂಚಿನ ಮೇಲೆ ಕೂತ ಯೋರಿಸ್‌ಗೆ ಭಯಕ್ಕಿಂತ ಬೇರೇನೋ ಚುಚ್ಚುತ್ತಿತ್ತು. ಎಷ್ಟು ಸುಲಭವಾಗಿ ಎಲ್ಲರೂ ನಂಬಿಬಿಟ್ಟರಲ್ಲ! ಫೆಮ್ಕೆ ತನ್ನವಳು ಎಂದು ತೋರಿಸಲು ಮೈಮೇಲೆ, ಜೇಬಿನಲ್ಲಿ, ಮುಖದಲ್ಲಿ ಏನೂ ಇರಲಿಲ್ಲ. ಹಿಲ್ಡೆಯನ್ನು ಹೀಗೆ ಯಾರೂ ಕೇಳುತ್ತಿರಲಿಲ್ಲ. ಅವಳ ಮಗಳು ಅವಳ ಹಾಗೇ ನಡೆಯುತ್ತಾಳೆ.

"ಅವನು ನಿಂಗೆ ಏನಾದ್ರೂ ತೊಂದರೆ ಕೊಟ್ಟನಾ, ಮಗೂ?" ಒಳಗೆ ಅಜ್ಜಿಯ ದನಿ.

"ಹೂಂ. ರೈಲು ಬ್ರೇಕ್ ಹಾಕ್ದಾಗೆಲ್ಲ ಇವನೂ ಕಾಲಲ್ಲಿ ಬ್ರೇಕ್ ಹಾಕ್ತಾನೆ, ನನ್ ಕಾಲು ತುಳೀತಾನೆ. ಡ್ರೈವರ್‌ಗೆ ಬೈತಾನೆ, ಅವರಿಗೆ ಕೇಳ್ಸೋದೇ ಇಲ್ಲ. ಮೇಲಿನ ಬರ್ತ್‌ನಲ್ಲಿ ಮಲ್ಕೊಂಡು ಹೂಸು ಬಿಟ್ಟು, ಕೆಳಗಿರೋ ಬೆಲ್ಜಿಯಮ್ ಅಂಕಲ್ ಬಿಟ್ಟಿದ್ದು ಅಂತಾನೆ. ಸಣ್ಣೋನಿದ್ದಾಗ ಹಾಸಿಗೇಲಿ ಉಚ್ಚೆ ಹುಯ್ತಿದ್ನಂತೆ, ಒಂಬತ್ತನೇ ವರ್ಷದ ತನಕ. ಬೆನ್ನ ಮೇಲೆ ಮಚ್ಚೆ ಇದೆ, ಆಲೂಗಡ್ಡೆ ಥರ. ರಾತ್ರಿ ನಾನು ಎದ್ದು ನೀರು ಕೇಳಿದ್ರೆ, ಕಣ್ಣು ಬಿಡದೇ ಎದ್ದು ಬಾಗಿಲಿಗೆ ಡಿಕ್ಕಿ ಹೊಡೀತಾನೆ, ದಿನಾ."

ಅಜ್ಜಿ ಇದನ್ನೆಲ್ಲ ಜರ್ಮನ್‌ಗೆ ತಿರುಗಿಸುತ್ತಿದ್ದಳು. ಆಲೂಗಡ್ಡೆಯ ಹತ್ತಿರ ಬಂದಾಗ ಗೆರ್ಲಿಂಡೆ ನಕ್ಕದ್ದು ಕೇಳಿಸಿತು.

"ಇವನನ್ನ ಏನ್ ಮಾಡ್ತೀರಾ?" ಈಗ ಫೆಮ್ಕೆಯ ದನಿ ಸಣ್ಣಗಾಗಿತ್ತು.

"ನಿಮ್ಮಪ್ಪ ಅಲ್ಲದಿದ್ರೆ ಇಲ್ಲೇ ಇಟ್ಕೋತೀವಿ. ನಿನ್ನನ್ನ ಅಮ್ಮನ ಹತ್ರ ಕಳಿಸ್ತೀವಿ." ಅಜ್ಜಿಯ ಬಾಯಲ್ಲಿ ಗೆರ್ಲಿಂಡೆಯ ಉತ್ತರ.

"ಬೇಡ!" ಕುರ್ಚಿ ಉರುಳಿದ ಸದ್ದು. "ಇವನೊಬ್ಬನೇ ಆದ್ರೆ ತಪ್ಪು ರೈಲು ಹತ್ತಿಬಿಡ್ತಾನೆ. ನಮ್ಮಪ್ಪಂಗೆ ಬೋರ್ಡು ಓದಕ್ಕೇ ಬರಲ್ಲ!"

ಬಾಗಿಲು ತೆರೆಯಿತು. ಗೆರ್ಲಿಂಡೆ ಕಣ್ಣೊರೆಸಿಕೊಳ್ಳುತ್ತ, "ಇಷ್ಟು ಮರ್ಯಾದೆ ತೆಗೀಬೇಕಾದ್ರೆ ಸ್ವಂತ ಮಗಳೇ ಆಗಿರಬೇಕು," ಎಂದಳು. "ಆದರೂ ಬೆನ್ನು ತೋರಿಸಿ."

ಯೋರಿಸ್ ಅಂಗಿ ಎತ್ತಿದ. ಮೂರೂ ಹೆಂಗಸರು ಬಗ್ಗಿ ನೋಡಿದರು. ಆಲೂಗಡ್ಡೆಯೇ ಎಂದು ಒಮ್ಮತದಿಂದ ತೀರ್ಮಾನವಾಯಿತು.

ವಿಯೆನ್ನಾ ಕಡೆಯ ಮುಂದಿನ ಗಾಡಿಗೆ ಬಹಳ ಹೊತ್ತಿತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಮೂವರೂ ಕೂತರು. ಮಗಳಿಗೆ ಎರಡು ಬಾರಿಸಬೇಕು ಎಂದು ಯೋರಿಸ್‌ಗೆ ಅನ್ನಿಸಿತು, ಅವಚಿಕೊಂಡು ಅಳಬೇಕು ಎಂದೂ ಅನ್ನಿಸಿತು. ಏನೂ ಮಾಡದೆ ಅವಳ ಚಪ್ಪಲಿಯ ಬಕಲ್ ಹಾಕಿದ.

ನೋಟ್‌ಬುರ್ಗಾ ಅಜ್ಜಿ ಕ್ಷಮೆ ಕೇಳುವ ಜಾತಿಯವಳಲ್ಲ. "ಇನ್ನೊಂದು ಸಲ ಹಿಂಗಾದ್ರೂ ನಾನು ಹಿಂಗೇ ಮಾಡೋದು," ಅಂದಳು.

"ಮಾಡ್ಬೇಕು ಅಜ್ಜಿ," ಎಂದ ಯೋರಿಸ್. "ನಾನಾಗಿದ್ರೂ ಮಾಡ್ತಿದ್ದೆ. ಇವಳ ತಲೆ ನೋಡಿ."

ಆ ಮಾತಿಗೆ ಅಜ್ಜಿ ಸ್ವಲ್ಪ ಮೆತ್ತಗಾದಳು. ತಂಗಿಯ ಹುಟ್ಟುಹಬ್ಬಕ್ಕೆ ಹೊರಟಿದ್ದಳಂತೆ, ಈಗ ಅಲ್ಲಿ ಎಲ್ಲರ ಊಟ ಮುಗಿದಿರುತ್ತದೆ. ಚೀಲದಿಂದ ಡಬ್ಬಿ ತೆಗೆದಳು. ಒಳಗೆ ಗಸಗಸೆ ಕೇಕು, ಇಡೀದು. "ಹೇಗೂ ಅವಳಿಗೆ ಶುಗರ್ರು. ತಿಂದ್ರೆ ಸಾಯ್ತಾಳೆ, ಕೊಡದಿದ್ರೆ ಮುನಿಸ್ಕೋತಾಳೆ. ಪೊಲೀಸರು ಹಿಡ್ಕೊಂಡ್ರು ಅಂತೀನಿ ಬಿಡಿ."

ಚಾಕು ಇರಲಿಲ್ಲ. ಕೈಯಲ್ಲೇ ಮುರಿದು ಹಂಚಿಕೊಂಡರು. ಫೆಮ್ಕೆ ಅಪ್ಪನ ತೊಡೆಯೇರಿ, ಅವನ ಪಾಲಿಗೂ ಕೈ ಹಾಕಿ, ಬಾಯಿ ತುಂಬ ತುಂಬಿಕೊಂಡಳು.

"ಯಾಕೆ ಹಂಗಂದೆ ಮರೀ?" ಎಂದು ಯೋರಿಸ್ ಮೆಲ್ಲಗೆ ಕೇಳಿದ.

ಹುಡುಗಿ ನುಂಗಿ ಮುಗಿಸುವ ತನಕ ಕಾಯಿಸಿದಳು. "ಕತ್ತೆ ಥರ ಅಷ್ಟು ಜೋರಾಗಿ ಕೂಗ್ಬಾರ್ದು," ಅಂದಳು. "ಎಲ್ರೂ ನೋಡ್ತಿದ್ರು."

"ಸರಿ. ಕೂಗಲ್ಲ."

ಅಜ್ಜಿ ತನ್ನ ಕರವಸ್ತ್ರ ಒದ್ದೆ ಮಾಡಿ ಮೊದಲು ಮಗಳ ಬಾಯಿ ಒರೆಸಿದಳು, ಆಮೇಲೆ, ಕೇಳದೆ ಬೇಡದೆ, ಅಪ್ಪನ ಅಂಗಿಯ ಸಾಸಿವೆ ಕಲೆಯನ್ನೂ ತಿಕ್ಕತೊಡಗಿದಳು. ಯೋರಿಸ್ ಮಗುವಿನ ಹಾಗೆ ಕೈ ಎತ್ತಿಕೊಂಡು ಕೂತ.