ಹಲಸು ಬಿಡಿಸಿದ ಬೆರಳು

“ಎಷ್ಟು ಹಲಸಿನ ಸೊಳೆ ತಿಂದಿರಿ? ಸತ್ಯ ಹೇಳಿ!”

ಸಕ್ಕರೆ ನೋಡುವ ಮಿಷನ್ ಮುನ್ನೂರ ಎಂಬತ್ತು ತೋರಿಸಿದ್ದೇ ತಡ, ಲೋಲಾಕ್ಷಿ ಗಂಡನ ಮೇಲೆ ಹರಿಹಾಯ್ದಳು. ಕಕ್ಕಿಂಜೆಯ ಪದ್ಮಯ್ಯನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ರಕ್ತ ನೋಡಿ ಇನ್ಸುಲಿನ್ ಚುಚ್ಚುವವಳು ಅವಳೇ.

“ಒಂದೂ ಇಲ್ಲ ಮಾರಾಯ್ತಿ! ಎಲೆಯಲ್ಲಿ ಗಟ್ಟಿ ಕಡುಬು ಬೇಯಿಸಲಿಕ್ಕೆ ಹಣ್ಣು ಬಿಡಿಸಿ ಕೊಟ್ಟದ್ದು ಮಾತ್ರ.”

“ಹಾಗಾದರೆ ಈ ಸಕ್ಕರೆ ಆಕಾಶದಿಂದ ಉದುರಿತಾ?”

“ನಿನ್ನ ಮಿಷನ್ನೇ ಸುಳ್ಳು. ನಾಳೆಯಿಂದ ನೋಡುವುದೇ ಬೇಡ.”

ಲೋಲಾಕ್ಷಿಗೆ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಈ ಮನುಷ್ಯನಿಗೆ ಏನಾದರೂ ಆದರೆ? ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ಯೂನಿಟ್ ಹೆಚ್ಚೇ ಇರಲಿ ಎಂದು ಇನ್ಸುಲಿನ್ ಪೆನ್ನಿನ ಅಂಕಿ ತಿರುಗಿಸಿದಳು.

ತಮ್ಮ ಮೊಮ್ಮಕ್ಕಳಿಗೆ ಹಣ್ಣು ಕೇಳಲು ಬಂದ ನೆರೆಮನೆಯ ಮೈಮೂನಮ್ಮ ಜಗಳ ಕೇಳಿಸಿಕೊಂಡು ಬಾಗಿಲಲ್ಲೇ ಕೂಗಿದರು. “ಲೋಲಕ್ಕ, ನಿಲ್ಲಿ!” ಅವರಿಗೂ ಅದೇ ಕಾಯಿಲೆ, ವರ್ಷಗಳಿಂದ ತಾವೇ ರಕ್ತ ನೋಡಿಕೊಳ್ಳುವವರು. “ಪದ್ಮಯ್ಯಣ್ಣ, ಸಾಬೂನು ಹಾಕಿ ಕೈ ತೊಳೆದಿದ್ದೀರಾ?”

“ಹಲಸಿನ ಮೇಣ ಹೋಗಲಿಕ್ಕೆ ತೆಂಗಿನೆಣ್ಣೆ ಉಜ್ಜಿ ಬಟ್ಟೆಯಲ್ಲಿ ಒರೆಸಿದ್ದೇನೆ. ರಕ್ತ ಬರುವುದು ಒಳಗಿಂದ ಅಲ್ವಾ? ಕೈಗೂ ಅದಕ್ಕೂ ಏನು ಸಂಬಂಧ?”

ಮೈಮೂನಮ್ಮ ಮಿಷನ್ನಿಗೆ ಸಿಕ್ಕಿಸಿದ ಸ್ಟ್ರಿಪ್ಪಿನ ತುದಿ ತೋರಿಸಿದರು. “ಇದರೊಳಗೆ ಕೂದಲಿನಷ್ಟು ಸಪೂರದ ಒಂದು ದಾರಿ ಉಂಟು. ರಕ್ತದ ಹನಿಯನ್ನು ಅದೇ ಎಳೆದುಕೊಳ್ತದೆ. ಒಳಗಿನ ಮದ್ದಿಗೆ ಸಕ್ಕರೆ ತಾಗಿದ ಕೂಡಲೇ ಚೂರು ಕರೆಂಟು ಹುಟ್ತದೆ. ಸಕ್ಕರೆ ಹೆಚ್ಚಾದರೆ ಕರೆಂಟೂ ಹೆಚ್ಚು. ಮಿಷನ್ ಅದನ್ನು ಅಳೆದು ಅಂಕಿ ಹೇಳುವುದು. ಸಕ್ಕರೆ ರಕ್ತದ್ದಾ, ಹಲಸಿನದ್ದಾ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?”

ಪದ್ಮಯ್ಯ ಗೊಣಗುತ್ತಲೇ ಹೋಗಿ, ಸಾಬೂನು ಹಾಕಿ ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡು ಬಂದ. ಹೊಸ ಸ್ಟ್ರಿಪ್, ಹೊಸ ಹನಿ. ಮೂವರೂ ಮಿಷನ್ ಮೇಲೆ ಬಗ್ಗಿದರು.

ನೂರ ಮೂವತ್ತೆಂಟು.

ಲೋಲಾಕ್ಷಿ ಕೈಯಲ್ಲಿದ್ದ ಪೆನ್ನನ್ನು ನೋಡಿದಳು. “ನಾನು ಹೆಚ್ಚು ಚುಚ್ಚಿದ್ದರೆ?”

“ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವ ಅಪಾಯ ಇತ್ತು. ಡಾಕ್ಟರನ್ನು ಕೇಳದೆ ಯೂನಿಟ್ ಬದಲಿಸಬಾರದು,” ಎಂದರು ಮೈಮೂನಮ್ಮ ಮೆಲ್ಲನೆ.

ಅವಳು ಪೆನ್ನನ್ನು ಡಾಕ್ಟರು ಹೇಳಿದ ಅಂಕಿಗೇ ಹಿಂದೆ ತಿರುಗಿಸಿದಳು. ಗಂಡನ ಮುಖ ನೋಡಲು ನಾಚಿಕೆಯಾಯಿತು. “ಸುಮ್ಮನೆ ಬೈದೆ ನಿಮಗೆ.”

“ಬೈದದ್ದಕ್ಕೆ ಒಂದು ಸೊಳೆ ಸಿಗ್ತದಾ?”

“ಸಿಗ್ತದೆ, ಕನಸಲ್ಲಿ!” ಮೊಮ್ಮಕ್ಕಳ ಪಾಲನ್ನು ಕಟ್ಟಿಕೊಟ್ಟ ಲೋಲಾಕ್ಷಿ, ಉಳಿದ ಪಾತ್ರೆಯನ್ನು ಇಬ್ಬರು ಸಕ್ಕರೆಯವರಿಗೂ ಎಟುಕದಷ್ಟು ಮೇಲಿಟ್ಟಳು.

ನಿಮ್ಮ ಮನೆಯಲ್ಲೂ ಇಂಥ ಮಿಷನ್ ಇದೆಯೇ? ಬೆರಳು ಚುಚ್ಚುವ ಮೊದಲು ಸಾಬೂನು ಹಾಕಿ ಕೈ ತೊಳೆದು ಒಣಗಿಸಿಕೊಳ್ಳಿ; ಬರೀ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಅಂಕಿ ವಿಚಿತ್ರವಾಗಿ ಕಂಡರೆ ಮತ್ತೆ ತೊಳೆದು ಮತ್ತೆ ನೋಡಿ. ಆಗಲೂ ಹಾಗೆಯೇ ಇದ್ದರೆ ಡಾಕ್ಟರನ್ನು ಕೇಳಿ, ಯೂನಿಟ್ ನೀವೇ ಏರಿಸಬೇಡಿ. ಗಂಡನನ್ನು ಬೈಯುವುದಿದ್ದರೆ ಅದನ್ನೂ ಕೈ ತೊಳೆಸಿದ ಮೇಲೆಯೇ ಬೈಯಿರಿ.