ಎರಡು ಟ್ಯಾಂಕರ್ ನೀರು

"ಎರಡು ಟ್ಯಾಂಕರ್ ಸುರಿಸಿದ್ದೆ ಕಣೇ, ನಿನಗೋಸ್ಕರ," ಎಂದಳು ದೊಡ್ಡಮ್ಮ, ಯಾರದೋ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತ. "ಅಷ್ಟು ದೊಡ್ಡ ಆಫೀಸರು ನಿನ್ನ ಜೊತೆ ಬಂದು ಬಗ್ಗಿ ನೋಡ್ದಾಗ ಬಾವಿ ಬತ್ತಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕಿತ್ತು?"

ಊಟದ ಹೊತ್ತಿನಲ್ಲಿ ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದಿದ್ದ ತಂಗಿಯ ಮಗಳು ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟಳು. ಅಂದು ಬಾವಿ ಅಳೆಯಲು ಜೊತೆಗೆ ಬಂದಿದ್ದ ದೊಡ್ಡ ಆಫೀಸರು ಜೀಪಿನ ಡ್ರೈವರ್ ಎಂದು ಹೇಳಲೂ ಅವಳು ಹೋಗಲಿಲ್ಲ.

ಕಚೇರಿಯಲ್ಲಿ ಅವಳನ್ನು ಕರೆಯುವುದು ಟೇಪಮ್ಮ ಎಂದು. ನಗರದ ಮುಂದಿನ ಇಪ್ಪತ್ತೈದು ವರ್ಷಗಳ ಅಭಿವೃದ್ಧಿ ಯೋಜನೆಯಿಂದ ನೆಲಕ್ಕೆ, ನೀರಿಗೆ, ಗಾಳಿಗೆ ಏನೇನು ಆಗಬಹುದು ಎಂಬ ವರದಿಗಾಗಿ ಎಂಟು ತಿಂಗಳು ಬಾವಿಯಿಂದ ಬಾವಿಗೆ ಅಲೆದು ನೀರಿನ ಮಟ್ಟ ಅಳೆಯುವ ಟೇಪು ಇಳಿಬಿಟ್ಟಿದ್ದಳು. ಹೋಗುವ ಮೊದಲು ಬಾವಿಯ ಮನೆಯವರಿಗೆ ತಿಳಿಸಬೇಕೆಂಬುದು ನಿಯಮ, ತಿಳಿಸಿದ್ದಳು. ಈ ಬಡಾವಣೆಯಲ್ಲಿ ಉಳಿದಿದ್ದದ್ದು ದೊಡ್ಡಮ್ಮನ ಬಾವಿ ಒಂದೇ. ಉಳಿದವರೆಲ್ಲ ಬಾವಿ ಮುಚ್ಚಿಸಿ ಅದರ ಮೇಲೆ ಕಾರು ನಿಲ್ಲಿಸಿಕೊಂಡಿದ್ದರು. ಹಾಗಾಗಿ ಆ ಎರಡು ಟ್ಯಾಂಕರ್ ನೀರೇ ನಕ್ಷೆಯಲ್ಲಿ ಇಡೀ ಬಡಾವಣೆಗೆ ಹರಡಿ ಗಾಢ ನೀಲಿಯಾಗಿತ್ತು. ಅಂತರ್ಜಲ ಸಮೃದ್ಧ. ಆ ನೀಲಿಯನ್ನು ನಂಬಿ ಯೋಜನೆಯವರು ಇಲ್ಲಿ ನಲವತ್ತು ಬಹುಮಹಡಿ ಕಟ್ಟಡಗಳನ್ನು ಗುರುತಿಸಿದ್ದರು.

ಅವಳು ಬಾಗಿಲಾಚೆ ಹೋಗಿ ಕಚೇರಿಯ ಮುಖ್ಯಸ್ಥರಿಗೆ ಫೋನ್ ಮಾಡಿದಳು.

"ನಾಲ್ಕು ಗಂಟೆಗೆ ವರದಿ ಪ್ರೆಸ್ಸಿಗೆ ಹೋಗುತ್ತಮ್ಮ," ಎಂದರು ಅವರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬದಲಾಯಿಸ್ಬೇಕಂದ್ರೆ ಹೊಸ ಅಳತೆ ಬೇಕು. ಹಳೇದು ಯಾಕೆ ತಪ್ಪು ಅಂತ ಮನೆಯವರು ಬರ್ದು ಸಹಿ ಹಾಕ್ಬೇಕು, ಅಕ್ಕಪಕ್ಕದವರೊಬ್ರು ಸಾಕ್ಷಿ ಹಾಕ್ಬೇಕು. ಆಗುತ್ತಾ? ಆಗ್ದಿದ್ರೆ ಬಿಟ್ಬಿಡಿ. ಮುನ್ನೂರು ಪುಟ, ಯಾರು ಓದ್ತಾರೆ?"

ಬಿಟ್ಟುಬಿಡೋಣ ಎಂದೇ ಅವಳಿಗೂ ಅನಿಸಿತು. ಕಾಲು ನೋಯುತ್ತಿತ್ತು, ಎಂಟು ತಿಂಗಳ ನಿದ್ದೆ ಬಾಕಿಯಿತ್ತು. ಗೋಡೆಗೆ ಒರಗಿ ಐದು ನಿಮಿಷ ನಿಂತಳು. ಆಮೇಲೆ ತನ್ನನ್ನೇ ಬೈದುಕೊಂಡು ಒಳಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದಳು.

"ಪಕ್ಕದ ಮನೆಯವಳ ಮುಂದೇನಾ?" ದೊಡ್ಡಮ್ಮ ಹೌಹಾರಿದಳು. "ನಮ್ಮ ಬಾವಿ ಬತ್ತೋ ಬಾವಿಯಲ್ಲ ಅಂತ ಆರು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ. ನಾಳೆಯಿಂದ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನಲವತ್ತು ಕಟ್ಟಡ ದೊಡ್ಡಮ್ಮ. ಒಂದೊಂದಕ್ಕೂ ಕೊಳವೆಬಾವಿ ಕೊರೀತಾರೆ. ಇಲ್ಲದ ನೀರನ್ನ ಇದೆ ಅಂತ ಬರ್ಕೊಟ್ಟವಳು ನಾನು."

"ಎರಡು ಟ್ಯಾಂಕರಿಗೆ ಇಷ್ಟೆಲ್ಲಾನಾ?"

"ಇಷ್ಟೆಲ್ಲಾ."

ದೊಡ್ಡಮ್ಮ ಅರ್ಧ ಇಸ್ತ್ರಿಯಾದ ಅಂಗಿಯನ್ನು ನೋಡುತ್ತ ನಿಂತಳು. ಮುಖ ಸಣ್ಣದಾಗಿತ್ತು. ತಂಗಿಯ ಮಗಳಿಗೆ ತನ್ನ ಮಾನ ಕಾಯಲು ಹೋದವಳ ಮಾನ ಕಳೆಯಲು ಬಂದಂತಾಗಿತ್ತು. ದೊಡ್ಡಮ್ಮ ಸ್ವಿಚ್ ಆರಿಸಿ, ಹಿತ್ತಲಿಗೆ ಹೋಗಿ ಬಾವಿಯ ಮೇಲಿನ ತಗಡನ್ನು ತಾನೇ ದರದರನೆ ಎಳೆದಳು. ಕಾಂಪೌಂಡಿನ ಮೇಲಿಂದ ಕೂಗಿದಳು: "ಏ, ಇವಳೇ, ಒಂದ್ಗಳಿಗೆ ಬಾ ಇಲ್ಲಿ. ಒಂದು ಸಹಿ ಬೇಕು."

ಪಕ್ಕದ ಮನೆಯವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಟೇಪು ಇಳಿಯಿತು. ಕಳೆದ ಸಲ ಹದಿನೈದು ಮೀಟರಿಗೆ ನೀರು ಮುಟ್ಟಿತ್ತು. ಈಗ ಹದಿನಾರು, ಹದಿನೇಳು, ಹದಿನೆಂಟು ದಾಟಿ, ಹತ್ತೊಂಬತ್ತರಲ್ಲಿ ತುದಿಯ ಗುಂಡು ಕಲ್ಲಿಗೆ ಠಣ್ಣೆಂದು ಬಡಿಯಿತು. ದೊಡ್ಡಮ್ಮ ಬೇರೆ ಕಡೆ ಮುಖ ತಿರುಗಿಸಿದಳು.

ನೆತ್ತಿಯ ಮೇಲಿನ ಬಿಸಿಲು ನೇರ ತಳಕ್ಕೆ ಬಿದ್ದಿತ್ತು. ಪಕ್ಕದ ಮನೆಯವಳು ಕಟ್ಟೆ ಹಿಡಿದು ಬಗ್ಗಿ ತುಂಬ ಹೊತ್ತು ನೋಡಿದಳು.

"ಆ ಕಬ್ಬಿಣದ ಬಕೆಟ್ ನಮ್ದಲ್ವಾ ಅಕ್ಕ?" ಎಂದಳು. "ಹಗ್ಗ ಕಿತ್ತು ಬಿದ್ದಿತ್ತಲ್ಲ, ನಾನು ಮದುವೆಯಾಗಿ ಬಂದ ವರ್ಷ. ಎರಡು ದಿನ ಪಾತಾಳಗರಡಿ ಹಾಕಿ ಹುಡುಕಿದ್ರೂ ಸಿಗಲಿಲ್ಲ, ಅಷ್ಟು ನೀರು."

"ಹೂಂ," ಎಂದಳು ದೊಡ್ಡಮ್ಮ. ಈ ಕಡೆ ತಿರುಗಿ, ಅವಳೂ ಬಗ್ಗಿದಳು.

ಇಬ್ಬರೂ ಪಕ್ಕಪಕ್ಕದಲ್ಲಿ ಮೊಣಕೈ ಊರಿಕೊಂಡು ಕೆಳಗೆ ನೋಡುತ್ತಲೇ ಇದ್ದರು. ಟೇಪಮ್ಮ ಸಹಿಯ ಕಾಗದ ಹಿಡಿದುಕೊಂಡು ಹಿಂದೆ ನಿಂತಿದ್ದಳು.